ಭಾತಂಬ್ರಾದ ಪ್ರಮುಖ ವ್ಯಕ್ತಿಗಳು

"ಸಿಕ್ಕಳು ನೋಡು," ಎಂದ ಮಾಧವ, ಕಂಪ್ಯೂಟರಿನ ಪರದೆಗೆ ಮುಖ ತಾಗುವಷ್ಟು ಬಾಗಿ. ಎಕಂಬಾದ ಶಾಲೆಯ ಟೀಚರ್ ಅರ್ಶಿಯಾ ನಿನ್ನೆ ಒಂದೇ ದಿನ ವಿಕಿಪೀಡಿಯದ ಏಳು ಊರುಗಳ ಪುಟಗಳಲ್ಲಿ ತನ್ನದೇ ವೆಬ್‌ಸೈಟಿನ ಲಿಂಕ್ ಅಂಟಿಸಿದ್ದಳು.

ಭಾಲ್ಕಿ ಬಸ್ ನಿಲ್ದಾಣದ ಎದುರಿನ ಅವನ ಝೆರಾಕ್ಸ್ ಅಂಗಡಿಯಲ್ಲಿ ಹೆಂಡತಿ ಜಾನಕಿಬಾಯಿ ಯಾರದೋ ಆಧಾರ್ ಕಾರ್ಡನ್ನು ಲ್ಯಾಮಿನೇಷನ್ ಯಂತ್ರಕ್ಕೆ ತೂರಿಸುತ್ತಿದ್ದಳು. "ಯಾರ್ರಿ? ಹ್ವಾದ ಐತವಾರ ಬೀದರದಾಗ ನೀವು ಫೋಟೊ ಹೊಡದ್ರಲ್ಲ, ಆಕೀನ?"

ಆ ಮಾತು ಅವನಿಗೆ ಬೇಕಿರಲಿಲ್ಲ. ಕಳೆದ ಭಾನುವಾರ ಬೀದರದ ವಿಕಿಪೀಡಿಯ ಕಾರ್ಯಾಗಾರದಲ್ಲಿ, ಬರೆಯಲು ಶುರುಮಾಡಿ ಎರಡು ತಿಂಗಳಾಗದ ಅರ್ಶಿಯಾಗೆ ಶಾಲು ಹೊದಿಸಿದ್ದರು. ಕಾಲೇಜು ಹುಡುಗರೆಲ್ಲ ಅವಳ ಸುತ್ತ ನಿಂತು, ಮೂಲೆಯಲ್ಲಿದ್ದ ಮಾಧವನ ಕೈಗೆ ಮೊಬೈಲ್ ಕೊಟ್ಟು, "ಅಂಕಲ್, ಒಂದು ಫೋಟೊ ಹೊಡೀರಿ" ಎಂದಿದ್ದರು. ಮರುದಿನ ಪತ್ರಿಕೆಯಲ್ಲಿ ಬಂದದ್ದೂ ಅದೇ ಫೋಟೊ. ಭಾಲ್ಕಿ, ಔರಾದ ತಾಲೂಕುಗಳ ಹಳ್ಳಿಗಳ ಬಗ್ಗೆ ಹನ್ನೊಂದು ವರ್ಷದಿಂದ ಬರೆದವನು ಮಾಧವ. ಆ ಪುಟಗಳಲ್ಲಿ ಕಳೆಯಂತೆ ಹುಟ್ಟುವ ಜಾಹೀರಾತುಗಳನ್ನು ಕಿತ್ತವನೂ ಅವನೇ. ಗಾಂಧಿ ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿಯಿರಲಿ, ಕೋಚಿಂಗ್ ಕ್ಲಾಸಿನವರಿರಲಿ, ವಶೀಕರಣದ ಜ್ಯೋತಿಷಿಯಿರಲಿ, ಯಾರ ಲಿಂಕೂ ಅವನ ಕಣ್ಣು ತಪ್ಪಿಸಿ ಎರಡು ದಿನ ಉಳಿದದ್ದಿಲ್ಲ. ಯಾರದಾದರೂ ಕೆಲಸ ಹಿಡಿಸಿದರೆ ವಿಕಿಪೀಡಿಯದಲ್ಲಿ 'ಧನ್ಯವಾದ' ಗುಂಡಿ ಒತ್ತುತ್ತಾರೆ. ಒತ್ತಿಸಿಕೊಂಡವರ ಪರದೆಯ ಮೇಲೆ ಒಂದು ಪುಟ್ಟ ಗಂಟೆ ಕೆಂಪಾಗುತ್ತದೆ. ಅರ್ಶಿಯಾಗೆ ಹದಿನಾಲ್ಕು ಬಂದಿದ್ದವು. ಮಾಧವ ಎಣಿಸಿ ನೋಡಿದ್ದ. ಅವನಿಗೆ ಒಂದೂ ಬಂದಿರಲಿಲ್ಲ.

ಹಾಗೆಂದು ಅವನ ಆಸೆ ಆಕಾಶದಷ್ಟೇನೂ ಇರಲಿಲ್ಲ. ತನ್ನೂರು ಭಾತಂಬ್ರಾದ ಪುಟದ ಕೊನೆಗೆ 'ಪ್ರಮುಖ ವ್ಯಕ್ತಿಗಳು' ಎಂಬ ಪಟ್ಟಿ ಮಾಡಿದ್ದ. ಅದರಲ್ಲಿ ಒಬ್ಬ ಪೈಲವಾನ, ಒಬ್ಬ ನಾಟಿ ವೈದ್ಯ, ಒಬ್ಬ ಭಜನೆ ಹಾಡುವವ ಇದ್ದರು. ಅವರ ಕೆಳಗೆ ತನ್ನದೊಂದು ಹೆಸರು ಬಂದರೆ ಸಾಕಿತ್ತು. ಆದರೆ ತನ್ನ ಬಗ್ಗೆ ತಾನೇ ಬರೆದುಕೊಳ್ಳಬಾರದೆಂಬುದು ಅಲ್ಲಿನ ನಿಯಮ. ಜೀವ ಹೋದರೂ ಮಾಧವ ಅದನ್ನು ಮುರಿಯುವವನಲ್ಲ. ಬೇರೆ ಯಾರಾದರೂ ಬರೆಯಬೇಕಿತ್ತು. ಯಾರೂ ಬರೆದಿರಲಿಲ್ಲ.

"ಆಕಿ ಏನ್ ಬರ್ದಾಳ, ಮೊದಲ ಓದಿ ನೋಡ್ರಿ," ಎಂದಳು ಜಾನಕಿಬಾಯಿ.

"ಓದೋದೇನದ ಅದರಾಗ? ತನ್ನ ಬೆನ್ನ ತಾನೇ ಚಪ್ಪರಿಸಿಕೊಂಡಿರ್ತಾಳ. ನೀ ಸುಮ್ಮ ಕೂಡು."

ಒಬ್ಬರು ಒಂದು ಪುಟದಲ್ಲಿ ಕೊನೆಗೆ ಮಾಡಿದ್ದನ್ನೆಲ್ಲ ಒಂದೇ ಏಟಿಗೆ ಅಳಿಸುವ ಗುಂಡಿಯನ್ನು ಅವನಂಥ ಹಳಬರಿಗೆ ಕೊಟ್ಟಿದ್ದರು. ಮಾಧವ ಏಳು ಸಲ ಒತ್ತಿದ. ಏಳಕ್ಕೂ ಕಾರಣ ಬರೆದ: ಸ್ವಪ್ರಚಾರ. ಅಷ್ಟಕ್ಕೂ ಹೊಟ್ಟೆ ತಣ್ಣಗಾಗದೆ, ಆ ವೆಬ್‌ಸೈಟನ್ನೇ ನಿಷೇಧಿಸಿರೆಂದು ವಿಕಿಪೀಡಿಯದ ನಿರ್ವಾಹಕರಿಗೆ ದೂರು ಹಾಕಿದ. ಎಲ್ಲೋ ದೂರದ ಊರಿನಲ್ಲಿ ಕೂತ ನಿರ್ವಾಹಕ, ಇಷ್ಟು ಹಳಬನಾದ ಮಾಧವ ಹೇಳಿದ ಮೇಲೆ ಇನ್ನೇನು ನೋಡುವುದೆಂದು, ಗಂಟೆಯೊಳಗೆ ನಿಷೇಧಿಸಿಯೂ ಬಿಟ್ಟ.

ಮಧ್ಯಾಹ್ನ ಫೋನ್ ಬಂತು.

"ಸರ್, ನಾ ಅರ್ಶಿಯಾ ಮಾತಾಡ್ತೇನಿರಿ. ಲಿಂಕ್ ಹಾಕಿದ್ದು ತಪ್ಪಾಯ್ತು, ಮಾಫ್ ಮಾಡ್ರಿ. ಉಳಿದ ಆರು ಪುಟದ್ದು ಹೋಗ್ಲಿ. ಭಾತಂಬ್ರಾದ್ದು ಯಾಕ ತೆಗದ್ರಿ?"

"ಯಾಕ, ಭಾತಂಬ್ರಾ ನಿಮ್ಮ ಜಾಗೀರೇನ್ರಿ ಮೇಡಂ? ನಿಯಮ ಎಲ್ಲಾರಿಗೂ ಒಂದೇ."

"ಅಲ್ಲಿ ಇದ್ದದ್ದು ನನ್ನ ಸುದ್ದಿ ಅಲ್ರಿ ಸರ್. ನೀವು ಓದೇ ಇಲ್ಲೇನ್ರಿ?"

ಮಾಧವ ಫೋನ್ ಕಿವಿಗೆ ಹಿಡಿದುಕೊಂಡೇ ಭಾತಂಬ್ರಾ ಪುಟದ ಇತಿಹಾಸ ತೆರೆದ. ಅಳಿಸಿದ ಸಾಲು ಹಳದಿ ಬಣ್ಣದಲ್ಲಿ ಎದ್ದು ಕಂಡಿತು. ಭಜನೆ ಹಾಡುವವನ ಕೆಳಗೆ, ನಾಲ್ಕನೆಯ ಹೆಸರು: 'ಮಾಧವ. ಹನ್ನೊಂದು ವರ್ಷದಿಂದ ಒಬ್ಬರೇ ಕೂತು ಈ ಭಾಗದ ನೂರಾ ನಲವತ್ತು ಹಳ್ಳಿಗಳ ಪುಟ ಬರೆದವರು.' ಆಧಾರವೆಂದು ಕೊಟ್ಟದ್ದು ಅರ್ಶಿಯಾಳ ವೆಬ್‌ಸೈಟಿನ ಲೇಖನ.

"ಐತವಾರ ನಿಮಗ ಯಾರೂ ಸ್ಟೇಜಿಗಿ ಕರೀಲಿಲ್ಲಲ್ರಿ, ಕೆಟ್ಟ ಅನಿಸ್ತು. ನಿಮ್ಮೂರಿಗಿ ಹೋಗಿ, ನಿಮಗ ಸಾಲಿ ಕಲಿಸಿದ ಶಿವರಾಜಪ್ಪ ಮಾಸ್ತರಿಗಿ ಕೇಳಿ ಬರ್ದಿದ್ದೆರಿ."

ಮಾಧವ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. "ಮತ್ತ... ಇನ್ನೊಮ್ಮೆ ಹಾಕ್ರಲ್ಲ."

"ಹಾಕ್ಲಕ್ಕ ಹೋದೆರಿ. ನನ್ನ ಸೈಟ್ ಬಂದ್ ಮಾಡ್ಯಾರಂತ ತೋರಸ್ಲತ್ತದ. ಅದು ಬಿಟ್ರ ನಿಮ್ಮ ಬಗ್ಗೆ ಬ್ಯಾರೆ ಎಲ್ಲಿ ಬರ್ದಾರ ಹೇಳ್ರಿ? ಆಧಾರ ಇಲ್ದೇ ಹಾಕಿದ್ರ ನೀವೇ ತೆಗೀತೀರಿ."

ಫೋನ್ ಇಟ್ಟ ಮೇಲೂ ಅವನು ಆ ಹಳದಿ ಸಾಲನ್ನೇ ನೋಡುತ್ತ ಕೂತ. ಕೈ ತಾನಾಗಿ 'ಸಂಪಾದಿಸಿ' ಎಂಬಲ್ಲಿಗೆ ಹೋಗಿ, ಹಿಂದಕ್ಕೆ ಬಂತು. ನಿಷೇಧ ತೆಗೆಯಿರೆಂದು ಬರೆಯಬಹುದಿತ್ತು. ಯಾಕೆ ಎಂದು ಅವರು ಕೇಳಿದರೆ, ನನ್ನ ಹೆಸರಿಗಾಗಿ ಎನ್ನಬೇಕಿತ್ತು.

ಅಷ್ಟರಲ್ಲಿ ಪರದೆಯ ಮೂಲೆಯ ಗಂಟೆ ಕೆಂಪಾಯಿತು. ಜಾನಕಿಬಾಯಿ ಯಂತ್ರ ಬಿಟ್ಟು ಎದ್ದು ಬಂದಳು. "ಅಗೋ, ನಿಮಗೂ ಬಂತಲ್ರಿ ಕಡೀಕ. ಏನಂತ ಬರ್ದಾರ, ಓದ್ರಿ."

ನಿರ್ವಾಹಕ ಕಳಿಸಿದ್ದ: 'ಭಾತಂಬ್ರಾ ಪುಟದಲ್ಲಿ ನೀವು ಮಾಡಿದ ಬದಲಾವಣೆಗಾಗಿ ಧನ್ಯವಾದ.'