ಝುರಂ

ಅಟ್ಟದ ಹಲಗೆ ಕಿರುಗುಟ್ಟಿತು. ಬಿಂದುಮಾಧವ ಇಳಿಯುವುದರಲ್ಲಿದ್ದ. ಬ್ರಿಟಿಷರ ವಿರುದ್ಧದ ಚಲೇಜಾವ್ ಗಲಾಟೆಯಲ್ಲಿ ರೈಲ್ವೆ ತಂತಿ ಕತ್ತರಿಸಿದ ಅವನನ್ನು ಹುಡುಕಿ ಬಂದ ಫೌಜದಾರ, ‘ಇಲ್ಲಿಲ್ಲೋ ಅಂವಾ, ನಡೀರಿ ಹೋಗೂಣು’ ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಹೊರಟಿದ್ದ. ಆದರೆ ಅಡುಗೆಮನೆಯ ಕಿಟಕಿಯಿಂದ ತಂಗಿ ಮೃಣಾಲಿನಿಗೆ ಕಾಣುತ್ತಿತ್ತು: ಒಬ್ಬ ಸಿಪಾಯಿ ಚಪ್ಪಲಿ ಕೈಯಲ್ಲಿ ಹಿಡಿದು, ಹಿತ್ತಲ ಬಾವಿಯ ಸುತ್ತ ಸದ್ದಿಲ್ಲದೆ ತಿರುಗುತ್ತಿದ್ದ.

ಕನ್ನಡದಲ್ಲಿ ಎಚ್ಚರಿಸಿದರೆ ಸಿಪಾಯಿಗೂ ಕೇಳುತ್ತದೆ. ಚಿಕ್ಕಂದಿನಲ್ಲಿ ಅಣ್ಣ ತಂಗಿ ಇಬ್ಬರೇ ಕೂಡಿ ಕಟ್ಟಿದ ಗುಟ್ಟಿನ ಭಾಷೆಯೊಂದಿತ್ತು. ಅದರಲ್ಲಿ ‘ಝುರಂ’ ಎಂದರೆ ಸುತ್ತುವುದು. ಕ್ರಿಯಾಪದದ ಬಾಲ ಬೆಳೆಸಿದರೆ, ಬಿಡದೆ ಸುತ್ತುತ್ತಲೇ ಇರುವುದು. ಅವಳು ಬಾಯಿ ತೆರೆದಳು. ನಾಲಿಗೆ ಒಣಗಿತ್ತು, ಉಸಿರಷ್ಟೇ ಹೊರಬಂತು. ಅಣ್ಣನ ಒಂದು ಕಾಲು ಅಟ್ಟದಿಂದ ಕೆಳಗೆ ಇಳಿಬಿತ್ತು.

‘ಮೃಣಾ, ಗಂಟಿ ಬಾರಸು’ ಎಂದಳು ತಾಯಿ ಕಾಶೀಬಾಯಿ. ಮಡಿಯುಟ್ಟು ದೇವರ ಮುಂದೆ ಕೂತಿದ್ದ ಅವಳು ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿದ್ದಳು.

‘ಅವ್ವಾ, ಈಗೇನ ಪೂಜಿ…’

‘ಬಾರಸು ಅಂದ್ರ ಬಾರಸು.’

ಗಂಟೆ ಮೊಳಗಿತು. ಕಾಶೀಬಾಯಿ ಕಣ್ಣು ಮುಚ್ಚಿ, ದಿನದ ಸ್ತೋತ್ರದ ಧಾಟಿಯಲ್ಲೇ ದನಿ ಎತ್ತಿದಳು: ‘ಝುರಂರಂರಂ, ಝುರಂರಂರಂ…’

ಮೃಣಾಲಿನಿಯ ಕೈಯ ಗಂಟೆ ಅರೆಗಳಿಗೆ ನಿಂತೇಹೋಯಿತು. ಆ ಭಾಷೆ ಅವ್ವನಿಗೆ ಬರುತ್ತದೆಂದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ಇಳಿಬಿದ್ದ ಕಾಲು ಮೆಲ್ಲಗೆ ಮೇಲಕ್ಕೆ ಹೋಯಿತು. ಹಿತ್ತಲಲ್ಲಿ ಸಿಪಾಯಿ ಚಪ್ಪಲಿಗಳನ್ನು ನೆಲಕ್ಕಿಟ್ಟು, ಭಕ್ತಿಯಿಂದ ಕೈ ಮುಗಿದ.