ಮುಚ್ಚಿದ ಪೋರ್ಟು

ದೀಪ ಮಿನುಗದಿದ್ದರೆ ಅಲ್ಲಿ ಯಾರೂ ಇಲ್ಲವೆಂದು ನಿಮಗೆ ಹೇಳಿದವರು ಯಾರು?

ಆಸ್ಪತ್ರೆಯ ತಂತಿಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ದೀಪ ಆರಿದ್ದ ಪೋರ್ಟುಗಳನ್ನೆಲ್ಲ, ಯಾರೂ ಬಳಸದವೆಂದು ಬಗೆದು, ತಂತ್ರಜ್ಞ ಕಂಪ್ಯೂಟರಿನ ಮುಂದೆ ಕೂತಲ್ಲಿಂದಲೇ ಮುಚ್ಚಿದ್ದ. ಗೋಡೆಗೆ ಬಣ್ಣ ಬಳಿಯಲೆಂದು ಅಂದು ಕಳಚಿಟ್ಟಿದ್ದ, ರೋಗಿಯ ಹಾಸಿಗೆ ಪಕ್ಕದ ಕರೆಗಂಟೆಯ ಪೋರ್ಟೂ ಅವುಗಳಲ್ಲಿತ್ತು. ಸಂಜೆ ಗಂಟೆಯನ್ನು ಮರಳಿ ಸಿಕ್ಕಿಸಿದರು. ರಾತ್ರಿ ಅದರ ಗುಂಡಿ ಒತ್ತಿದಾಗ ದಾದಿಯರ ಕೋಣೆಯಲ್ಲಿ ಅದು ಮೊಳಗಲೇ ಇಲ್ಲ.

ಈಗ ಅವನು ಹಾಸಿಗೆಯ ಪಕ್ಕ ನಿಂತಿದ್ದಾನೆ. ತೀರಿಕೊಂಡ ಮುದುಕಿಯ ಹೆಬ್ಬೆರಳು ಇನ್ನೂ ಗುಂಡಿಯ ಮೇಲೆ ಬಿಗಿದುಕೊಂಡಿದೆ.

"ವೈರು ಸರಿಯಾಗೇ ಇದೆಯಲ್ಲಪ್ಪಾ," ಎಂದಳು ಮಗಳು. "ಅಮ್ಮ ಒತ್ತಿದ್ದು ಯಾರಿಗೂ ಯಾಕೆ ಕೇಳಿಸ್ಲಿಲ್ಲ?"

"ವೈರಲ್ಲಕ್ಕಾ... ನಾನೇ ಮುಚ್ಚಿಬಿಟ್ಟೆ."

"ಹಾಗಾದ್ರೆ ಆ ಬೆರಳನ್ನೂ ನೀನೇ ಬಿಡ್ಸು," ಎಂದಳು.

ಮುಚ್ಚುವ ಮುನ್ನ ದಯವಿಟ್ಟು ಕುರ್ಚಿ ಬಿಟ್ಟೇಳಿ. ಆ ತಂತಿ ಯಾರ ಕೈಗೆ ಹೋಗುತ್ತದೆಂದು ನಡೆದು ನೋಡಿ.