ಕರಜಗಿಯ ತೋಳ

ಆ ಮನುಷ್ಯ ಇವತ್ತೂ ಬಂದಿದ್ದ. ಮೂರನೆಯ ದಿನ. ಅದೇ ಪಂಜರ, ಅದೇ ಕರಿಕಂಬಳಿ. ಆದರೆ ಇವತ್ತು ಕಂಬಳಿಯ ಒಳಗೆ ಏನೋ ಇತ್ತು; ಅವನು ಹೊರಳಿದಾಗ ಕಬ್ಬಿಣ ಹೊಳೆಯಿತು.

ನೀರಿನ ತೊಟ್ಟಿಯ ಹಿಂದೆ ನಿಂತು ಉಮಾಬಾಯಿ ನೋಡುತ್ತಿದ್ದಳು. ಅನುಮಾನ ಅವಳಿಗೆ ಹೊಸದಲ್ಲ. ಹಾಲಿನವನ ತಂಬಿಗೆ, ಟಾಂಗಾದ ಗಾಲಿ, ಗಂಡನ ಕೆಮ್ಮು, ಹೀಗೆ ದಿನಕ್ಕೆ ಮೂರಾದರೂ ವಿಪತ್ತುಗಳನ್ನು ಮುಂಚಿತವಾಗಿ ಕಂಡುಹಿಡಿಯುತ್ತಿದ್ದಳು. ಅವುಗಳಲ್ಲಿ ಒಂದೂ ಇದುವರೆಗೆ ಬಂದಿರಲಿಲ್ಲ. ಅದು ತನ್ನ ಎಚ್ಚರಿಕೆಯ ಫಲವೆಂದೇ ಅವಳು ನಂಬಿದ್ದಳು.

ಇವತ್ತಿನದು ಮಾತ್ರ ನಿಜವಾದ ವಿಪತ್ತು. ನಾಲ್ಕು ಗಂಟೆಗೆ ಕಲೆಕ್ಟರ್ ಸಾಹೇಬರು ಸೊಲ್ಲಾಪುರದ ಈ ಹಳೆಯ ದೊಡ್ಡ ಬಾಗಿಗೆ, ಈ ಪ್ರಾಣಿಗಳ ತೋಟಕ್ಕೆ, ಬರುವವರಿದ್ದರು. ಬಾದಶಾಹಿ ಕಾಲದ ಬಾವಿ, ಗುಲಾಬಿಯ ಸಾಲು, ನವಿಲು, ಜಿಂಕೆ, ಮುದಿ ಕರಡಿ ಎಲ್ಲವನ್ನೂ ಅವರು ಹೋದ ವರ್ಷವೇ ನೋಡಿ ಆಕಳಿಸಿದ್ದರು. ಈ ಸಲ ಹೊಸ ತೋಳವಿತ್ತು. ತೋಳ ಮೆಚ್ಚಿಗೆಯಾದರೆ ಅವಳ ಗಂಡ ಕಲ್ಯಾಣಪ್ಪನ ಸೂಪರಿಂಟೆಂಡೆಂಟ್ ಕೆಲಸ ಕಾಯಂ. ಇಲ್ಲವಾದರೆ ಬಾಗಿನೊಳಗಿನ ಬಂಗಲೆ ಬಿಟ್ಟು ಮೈಂದರ್ಗಿಯ ಅತ್ತೆಮನೆ. ಅತ್ತೆಯನ್ನು ನೆನೆದಾಗಲೆಲ್ಲ ಉಮಾಬಾಯಿಗೆ ತೋಳವೇ ವಾಸಿ ಎನಿಸುತ್ತಿತ್ತು.

ತೋಳವನ್ನು ತಂದವನು ಒಬ್ಬ ಬಲೆಗಾರ. ಕರಜಗಿಯ ಗುಡ್ಡದಲ್ಲಿ ಸಿಕ್ಕಿತು ಎಂದಿದ್ದ. ಅದಕ್ಕೆ ಹಲಗೆ ಬರೆದವಳು ಉಮಾಬಾಯಿ. ಪುಣೆಯ ಕಾಲೇಜಿನಲ್ಲಿ ಎರಡು ವರ್ಷ ಪ್ರಾಣಿಶಾಸ್ತ್ರ ಓದಿದ್ದಳು. ಆ ಶಾಸ್ತ್ರ ಕಪ್ಪೆಯ ಹೊಟ್ಟೆಯ ಹತ್ತಿರವೇ ಮುಗಿದಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪಂಜರದಿಂದ ಹತ್ತು ಹೆಜ್ಜೆ ದೂರ ನಿಂತು ನೋಡಿ, ಮನೆಯಲ್ಲಿ ನಾಲ್ಕು ಸಲ ಹೊಡೆದುಹಾಕಿ, ಐದನೆಯ ಸಲ ಬರೆದಳು: “ದಖ್ಖನಿ ತೋಳ. ಅತಿ ಕ್ರೂರ. ಮನುಷ್ಯನಿಗೆ ಎಂದಿಗೂ ಒಗ್ಗದು. ಕುತ್ತಿಗೆಯ ಸುತ್ತಲಿನ ಕೂದಲಿಲ್ಲದ ವರ್ತುಲವು ಈ ಜಾತಿಯ ವಿಶೇಷ ಲಕ್ಷಣ.” ‘ವರ್ತುಲ’ ಎಂಬ ಒಂದು ಮಾತಿಗೆ ಇಡೀ ಮಧ್ಯಾಹ್ನ ಹೋಗಿತ್ತು.

ನಿನ್ನೆ ಆ ಕಂಬಳಿಯವನು ಅವಳನ್ನೇ ಕೇಳಿದ್ದ: “ಬಾಯಾರ, ಹಲಗಿ ಮ್ಯಾಲ ಏನ್ ಬರದಾರ? ನಂಗ ಓದಾಕ ಬರಂಗಿಲ್ರಿ.”

ಅವಳು ಓದಿ ಹೇಳಿದಳು, ತುಸು ಗಟ್ಟಿಯಾಗಿಯೇ. ಅವನು ಪೂರ್ತಿ ಕೇಳಿ ತನ್ನ ಕುತ್ತಿಗೆ ಸವರಿಕೊಂಡ.

“ಯಾರ್ ಬರದಾರ್ರಿ?”

“ನಾನೇ ಬರದೀನಿ.”

“ಹಂಗಾರ ಮುಗೀತು ಬಿಡ್ರಿ. ಇಷ್ಟು ಕಲತವರು ಬರದ ಮ್ಯಾಲ ನನ್ನಂಥಾಂವ ಏನ್ ಅನ್ನೂದು?”

ಉಮಾಬಾಯಿ ಉಬ್ಬಿದಳು. “ಯಾವೂರು ನಿಂದು?”

“ಕರಜಗಿ ರೀ. ಅಮೋಗಸಿದ್ಧ ಅಂತಾರ. ಕುರಿ ಅದಾವ.”

ಉಬ್ಬಿದ್ದು ಇಳಿಯಿತು. ಕುರಿಯವನು! “ಈ ತೋಳದ ಗುರ್ತು ಅದ ಏನು ನಿನಗ?”

“ಇಲ್ದ ಏನ್ರಿ? ನಾಕ ವರ್ಷ ನಮ್ಮ ಹಟ್ಟಿ ಸುತ್ತ ತಿರಗ್ಯಾದ. ಒಂದ ರಾತ್ರಿ ತಪ್ಪಿಸಿಲ್ಲ.”

“ಶಿವಶಿವಾ! ಕುರಿ ಎಷ್ಟು ಹೋದ್ವು?”

“ಆವಾಗ ಎಣಸಾಕ ಹೋಗಿಲ್ರಿ. ಈಗ ಎಣಸಾಕತ್ತೀನಿ.” ಅವನು ಪಂಜರದ ಕಡೆ ನೋಡಿದ. “ನಾಳಿ ಬರ್ತೀನ್ರಿ. ಇದರದೊಂದು ನನ್ನ ಕಡೆ ಉಳದದ. ಅದನ್ನ ಮುಟ್ಟಿಸೇ ಹೋಗ್ತೀನಿ.”

ಅವನನ್ನು ಕಂಡಾಗಲೆಲ್ಲ ತೋಳ ಸರಳಿಗೆ ಎಗರಿ ನರಳುತ್ತಿತ್ತು. ಬೇರೆ ಯಾರಿಗೂ ಹಾಗೆ ಮಾಡುತ್ತಿರಲಿಲ್ಲ. ಹಳೆಯ ವೈರ ಎಂದು ಉಮಾಬಾಯಿ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಗಂಡನಿಗೆ ಹೇಳಿದರೆ ಅವನು ನಕ್ಕ. “ಹೋದ ವಾರ ಕರಡಿಗಿ ಕ್ಷಯ ಆಗ್ಯಾದ ಅಂದಿ. ಅದು ನನಗಿಂತ ಚಲೋ ಉಣ್ಣಾಕತ್ತದ.”

“ನಗ್ರಿ, ನಗ್ರಿ. ಮೈಂದರ್ಗಿಗಿ ಹೋದ ಮ್ಯಾಲ ನಗೂದಿರಂಗಿಲ್ಲ.”

ಈಗ ನಾಲ್ಕಕ್ಕೆ ಐದೇ ನಿಮಿಷ. ಕಲ್ಯಾಣಪ್ಪ ಹಾರ ಹಿಡಿದು ದೊಡ್ಡ ಬಾಗಿಲಲ್ಲಿ ನಿಂತಿದ್ದ. ಕಂಬಳಿಯವನು ಆಚೀಚೆ ನೋಡಿದ. ಪಂಜರದ ಮುಂದಿನ ಕಟಾಂಜನ ದಾಟಿದ. ಕೈಯನ್ನು ಕಂಬಳಿಯೊಳಗೆ ಹಾಕಿದ.

“ಖಂಡಪ್ಪಾ! ಹಿಡಿ ಅವನ್ನ!”

ಪ್ರಾಣಿಗಳಿಗೆ ಮೇವು ಹಾಕುವ ಖಂಡಪ್ಪ ಮಾಂಸದ ಬುಟ್ಟಿ ಬಿಸಾಡಿ ಓಡಿಬಂದು ಅವನ ರಟ್ಟೆ ಹಿಡಿದ. ಕಂಬಳಿ ಜಾರಿತು. ಅಂಗೈ ಅಗಲದ ಚರ್ಮದ ಪಟ್ಟಿಯೊಂದು ನೆಲಕ್ಕೆ ಬಿತ್ತು. ಅದರ ತುಂಬ ಎರಡೆರಡು ಬೆರಳುದ್ದದ ಕಬ್ಬಿಣದ ಮುಳ್ಳು.

“ನೋಡಿದಿ? ಇದರಲೆ ಕೊಲ್ಲಾಂವಿದ್ದ!” ಉಮಾಬಾಯಿ ಕಿರಿಚಿದಳು. ಆದರೂ, ಜನ್ಮದಲ್ಲಿ ಮೊದಲ ಸಲ ತನ್ನ ಅನುಮಾನ ಸರಿಯಾದದ್ದಕ್ಕೆ ಒಳಗೊಳಗೇ ಹಿಗ್ಗು.

“ಕೊಲ್ಲಾಕಲ್ರಿ ಬಾಯಾರ, ಉಳಸಾಕ. ಸಾಹೇಬ್ರ ಮುಂದ ತೋರಸಾಕ ತಂದೀನಿ. ಬಾಯಿಲೆ ಹೇಳಿದ್ರ ನಂಬ್ತಿದ್ರೇನು?”

ಅಷ್ಟರಲ್ಲಿ ಮೋಟಾರು ಬಂದೇಬಿಟ್ಟಿತು. ಸಾಹೇಬರು ನವಿಲಿನ ಕಡೆ ಹೊರಳಿಯೂ ನೋಡದೆ ನೆಟ್ಟಗೆ ತೋಳದ ಹತ್ತಿರ ಬಂದರು. ಅವರ ಗುಮಾಸ್ತ ಹಲಗೆಯ ಒಂದೊಂದೇ ಮಾತನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳತೊಡಗಿದ. ಅತಿ ಕ್ರೂರ. ಮನುಷ್ಯನಿಗೆ ಎಂದಿಗೂ ಒಗ್ಗದು. ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಕಲ್ಯಾಣಪ್ಪ ಹೆಂಡತಿಯ ಕಡೆ ಹೆಮ್ಮೆಯಿಂದ ನೋಡಿದ. ಸಲಾಮು ಹೊಡೆಯಲೆಂದು ಖಂಡಪ್ಪ ಎರಡೂ ಕೈ ಬಿಟ್ಟ.

ಅಮೋಗಸಿದ್ಧ ಪಟ್ಟಿಯನ್ನು ಎತ್ತಿಕೊಂಡು ಸರಳಿನೊಳಗೆ ಕೈ ತೂರಿಸಿದ. “ಬಾರೋ ಮೋತ್ಯಾ!”

ದಖ್ಖನಿ ತೋಳ ಬಾಲ ಅಲ್ಲಾಡಿಸುತ್ತ ಬಂದು ಕೊರಳು ಒಡ್ಡಿತು. ತೋಳ ಬಾಯಿ ಹಾಕದಿರಲೆಂದು ಹಟ್ಟಿ ಕಾಯುವ ನಾಯಿಗಳಿಗೆ ಕುರಿಯವರು ಕಟ್ಟುವ ಆ ಮುಳ್ಳುಪಟ್ಟಿ, ಉಮಾಬಾಯಿಯ ವರ್ತುಲದ ಮೇಲೆ ಒಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು.